ಟು ಯಾವುದಕ್ಕೆ, ಇಂಗ್ ಯಾವುದಕ್ಕೆ

ಮೂವತ್ತೊಂದು ವರ್ಷ ನಾನು ಸರ್ಕಾರಿ ಪ್ರೌಢಶಾಲೆಗಳಲ್ಲಿ ಇಂಗ್ಲಿಷ್ ಪಾಠ ಮಾಡಿದೆ. ಹೊಸದುರ್ಗ ತಾಲ್ಲೂಕಿನಲ್ಲಿ ಶುರು, ನಡುವೆ ಹೊಳಲ್ಕೆರೆ, ಕೊನೆಗೆ ಹಿರಿಯೂರು. ಈಗ ಚಿತ್ರದುರ್ಗದಲ್ಲಿ ತಂಗಿಯ ಮನೆಯ ಪಕ್ಕದಲ್ಲೇ ಮನೆ ಮಾಡಿಕೊಂಡಿದ್ದೇನೆ. ಬೆಳಿಗ್ಗೆ ಕಾಫಿ ಕುಡಿಯುತ್ತಾ ಕೂತಾಗ, ಇವತ್ತು ಯಾರಿಗೂ ಯಾವ ಕ್ರಿಯಾಪದದ ಮುಂದೆ ಏನು ಬರುತ್ತದೆ ಎಂದು ಹೇಳಬೇಕಾಗಿಲ್ಲ ಅನ್ನುವುದು ನೆನಪಾದರೆ ಜೀವಕ್ಕೆ ಹಾಯೆನಿಸುತ್ತದೆ. ಇದನ್ನು ಬೇಸರದ ಮಾತು ಅಂದುಕೊಳ್ಳಬೇಡಿ. ಹೊತ್ತಿದ್ದನ್ನು ಇಳಿಸಿದವರಿಗೆ ಮಾತ್ರ ಆ ಸುಖ ಗೊತ್ತು.

ಹೋದ ತಿಂಗಳು ಹೊಸದಾಗಿ ಕೆಲಸಕ್ಕೆ ಸೇರಿದ ಇಬ್ಬರು ಟೀಚರುಗಳು ಮನೆಗೆ ಬಂದಿದ್ದರು. ಗ್ರಾಮರಿನಲ್ಲಿ ನಮ್ಮ ಮಕ್ಕಳ ತಲೆಯನ್ನು ತೀರಾ ತಿನ್ನುವುದು ಯಾವುದು ಎಂದು ಕೇಳಿದರು. ಯೋಚನೆ ಮಾಡದೆ ಹೇಳಿದೆ: ಟು ಮತ್ತು ಇಂಗ್. ಹಾಗಾದರೆ ಅದನ್ನೇ ಬರೆದುಕೊಡಿ ಮೇಡಂ ಎಂದರು. ಬರೆಯುತ್ತಿದ್ದೇನೆ. ಯಾವ ವರ್ಷ ಯಾವ ಬಡ್ತಿ ಸಿಕ್ಕಿತು ಎಂಬುದೆಲ್ಲ ನನ್ನ ಸರ್ವಿಸ್ ರಿಜಿಸ್ಟರಿನಲ್ಲಿದೆ, ಬೇಕಾದವರು ನೋಡಿಕೊಳ್ಳಲಿ. ನಾನು ಬರೆಯುವುದು ಅದರಲ್ಲಿ ಇಲ್ಲದ್ದನ್ನು.

ವಿಷಯ ಇಷ್ಟೆ. ಇಂಗ್ಲಿಷಿನಲ್ಲಿ ಒಂದು ಕ್ರಿಯಾಪದದ ಹಿಂದೆಯೇ ಇನ್ನೊಂದು ಬಂದರೆ, ಎರಡನೆಯದು ಒಂದೋ ಮುಂದುಗಡೆ ಟು ಹಾಕಿಕೊಂಡು ಬರುತ್ತದೆ, ಇಲ್ಲವೋ ಹಿಂದುಗಡೆ ಇಂಗ್ ಅಂಟಿಸಿಕೊಂಡು ಬರುತ್ತದೆ. 'ಐ ವಾಂಟ್ ಟು ಕುಕ್' ಎನ್ನಬೇಕು, 'ಐ ವಾಂಟ್ ಕುಕಿಂಗ್' ಎನ್ನಬಾರದು. 'ಐ ಫಿನಿಶ್ಡ್ ಕುಕಿಂಗ್' ಎನ್ನಬೇಕು, 'ಫಿನಿಶ್ಡ್ ಟು ಕುಕ್' ಎಂದರೆ ತಪ್ಪು. ಮೊದಲನೆಯದಕ್ಕೆ ಪುಸ್ತಕದಲ್ಲಿ ಇನ್ಫಿನಿಟಿವ್ ಎಂದೂ ಎರಡನೆಯದಕ್ಕೆ ಜೆರಂಡ್ ಎಂದೂ ಹೆಸರು. ಯಾವುದಕ್ಕೆ ಯಾವುದು ಎಂದು ಹುಟ್ಟಿದಾಗಿಂದ ಆ ಭಾಷೆ ಆಡಿದವರಿಗೆ ಕೇಳದೆಯೇ ಗೊತ್ತು. ನಮ್ಮ ಮಕ್ಕಳು ಇಂಗ್ಲಿಷ್ ಕೇಳುವುದೇ ನಲವತ್ತು ನಿಮಿಷದ ಪೀರಿಯಡ್ಡಿನಲ್ಲಿ, ಅದೂ ನನ್ನಂಥವಳ ಬಾಯಿಂದ.

ಹೊಸದುರ್ಗದ ಕಡೆ ನನ್ನ ಮೊದಲ ಶಾಲೆಯಲ್ಲಿ ನಾನು ಮಾಡಿದ್ದು ಸುಲಭದ ಕೆಲಸ. ಎರಡು ಪಟ್ಟಿ ಮಾಡಿ ಮಗ್ಗಿ ಹೇಳಿಸಿದ ಹಾಗೆ ಹೇಳಿಸಿದೆ. ವಾಂಟ್ ಟು, ಹೋಪ್ ಟು, ಡಿಸೈಡ್ ಟು, ಪ್ರಾಮಿಸ್ ಟು. ಎಂಜಾಯ್ ಇಂಗ್, ಫಿನಿಶ್ ಇಂಗ್, ಅವಾಯ್ಡ್ ಇಂಗ್. ಮಕ್ಕಳು ರಾಗವಾಗಿ ಹೇಳುತ್ತಿದ್ದರು. ನನಗೋ, ಊರಲ್ಲಿ ನನ್ನಂಥ ಟೀಚರ್ ಇಲ್ಲ ಎಂಬ ಜಂಬ. ಒಂದು ದಿನ ಶಿಕ್ಷಣ ಇಲಾಖೆಯ ಸಾಹೇಬರು ತಪಾಸಣೆಗೆ ಬಂದರು. ಇಡೀ ಕ್ಲಾಸು ಪಟ್ಟಿ ಒಪ್ಪಿಸಿತು. ಸಾಹೇಬರು ತಲೆದೂಗಿ, 'ಡಿಸೈಡ್' ಇಟ್ಟು ಒಂದು ವಾಕ್ಯ ಹೇಳಿ ನೋಡೋಣ ಎಂದರು. ಒಬ್ಬರೂ ಬಾಯಿ ಬಿಡಲಿಲ್ಲ.

"ಮಗ್ಗಿ ಭಾಳ ಚೆನ್ನಾಗೈತೆ ಮೇಡಂ," ಎಂದರು ಸಾಹೇಬರು ಹೊರಗೆ ಬಂದು, "ಲೆಕ್ಕ ಯಾವಾಗ ಮಾಡಿಸ್ತೀರಿ?"

ಆ ರಾತ್ರಿ ಅನ್ನ ಸೇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಚೆನ್ನಾಗಿಯೇ ಉಂಡೆ, ಅವರನ್ನು ಬೈಯುತ್ತಾ ಉಂಡೆ. ನಾನು ಮುಂಗೋಪಿ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ, ಮುಂದಿನದೆಲ್ಲ ಆಗಿದ್ದು ಅದರಿಂದಲೇ.

ಹೊಳಲ್ಕೆರೆಯಲ್ಲಿ ರುದ್ರಪ್ಪ ಎಂಬ ಹೆಡ್‌ಮಾಸ್ಟರ್ ಇದ್ದರು. ಗಣಿತದವರು, ಇಂಗ್ಲಿಷಿನ ಸಹವಾಸ ಇಲ್ಲದವರು. ಒಂದು ದಿನ ನನ್ನ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಹುಡುಗರ ಜೊತೆ ಬಂದು ಕೂತರು. ಪೀರಿಯಡ್ ಮುಗಿದ ಮೇಲೆ, "ಈ ಜೆರಂಡ್ ಅನ್ನಾದು ಏನ್ರಿ ಮೇಡಂ, ಕೆಮ್ಮಿನ ಔಷಧಿ ಹೆಸ್ರು ಇದ್ದಂಗೈತೆ," ಎಂದರು. ನನ್ನ ಮುಖ ಕೆಂಪಗಾಗಿದ್ದು ನೋಡಿ ಸಮಾಧಾನ ಹೇಳಿದರು: "ಸಿಟ್ಟಾಗಬ್ಯಾಡ್ರಿ. ಇವು ಬೆಳಿಗ್ಗೆ ಎದ್ದು ದನಿನ ಕೆಲ್ಸ, ನೀರಿನ ಕೆಲ್ಸ ಮಾಡಿ ಬಂದಿರೋ ಮಕ್ಳು. ಇವಕ್ಕೆ ಹೆಸ್ರು ಹೇಳಬ್ಯಾಡ್ರಿ, ಕೆಲ್ಸದ ಮ್ಯಾಲೆ ಹೇಳ್ರಿ."

ಬೈದುಕೊಂಡೇ ಮನೆಗೆ ಹೋದೆ. ಆದರೆ ಅದೇ ಮಾತು ನನ್ನನ್ನು ಉಳಿಸಿತು. ಮಾರನೆಯ ದಿನ ಬೋರ್ಡಿನ ಮೇಲೆ ಹೀಗೆ ಬರೆದೆ: ಇನ್ನೂ ಮಾಡಬೇಕಾದ ಕೆಲಸಕ್ಕೆ ಟು. ಕೈಯಲ್ಲಿರುವ ಕೆಲಸಕ್ಕೆ, ಮಾಡಿ ಮುಗಿಸಿದ ಕೆಲಸಕ್ಕೆ ಇಂಗ್. ಬೀಗದ ಉದಾಹರಣೆ ಕೊಟ್ಟೆ. 'ರಿಮೆಂಬರ್ ಟು ಲಾಕ್ ದ ಡೋರ್' ಎಂದರೆ ಹೋಗುವಾಗ ಬೀಗ ಹಾಕುವುದನ್ನು ಮರೆಯಬೇಡ, ಬೀಗ ಇನ್ನೂ ಹಾಕಿಲ್ಲ. 'ಐ ರಿಮೆಂಬರ್ ಲಾಕಿಂಗ್ ದ ಡೋರ್' ಎಂದರೆ ಬೀಗ ಹಾಕಿದ್ದು ನನಗೆ ನೆನಪಿದೆ, ಹಾಕಿಯಾಗಿದೆ. ಮಕ್ಕಳ ಕಣ್ಣು ಮೊದಲ ಸಲ ಅರಳಿದ್ದು ಅವತ್ತು.

ಅಷ್ಟರಲ್ಲೇ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಮಿಸ್, 'ಸಜೆಸ್ಟ್' ಅಂದ್ರೆ ಹಿಂಗ್ ಮಾಡಾಣ ಅಂತ ಹೇಳಾದಲ್ವಾ? ಆ ಕೆಲ್ಸ ಇನ್ನೂ ಆಗಿರಲ್ಲ. ಮತ್ತೆ ಅದಕ್ಯಾಕೆ ಇಂಗ್?"

ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ, ನೋಡಿ ಹೇಳ್ತೀನಿ ಕಣಮ್ಮ ಎಂದಿದ್ದರೆ ಮುಗಿದಿತ್ತು. ನಾನು ಹೇಳಿದ್ದು, "ಹೇಳಿದ್ದು ಬರ್ಕ, ಕುಂತ್ಕ." ಅವಳು ಕೂತಳು. ಆಮೇಲೆ ವರ್ಷವಿಡೀ ಏಳಲಿಲ್ಲ. ಈಗ ಹೇಳುತ್ತೇನೆ, ಕೇಳಿಸಿಕೊಳ್ಳಿ: ನನ್ನ ಸೂತ್ರ ಮುಕ್ಕಾಲು ಪಾಲು ನಡೆಯುತ್ತದೆ, ಉಳಿದ ಕಾಲು ಪಾಲನ್ನು ಬಾಯಿಪಾಠವೇ ಮಾಡಬೇಕು. ಇದನ್ನು ಮಕ್ಕಳ ಎದುರು ಒಪ್ಪಿಕೊಂಡರೆ ಏನೂ ಕಳೆದುಹೋಗುವುದಿಲ್ಲ. ಒಪ್ಪಿಕೊಳ್ಳಲು ನನಗೆ ಇಪ್ಪತ್ತು ವರ್ಷ ಹಿಡಿಯಿತು.

ನಡುವೆ ಪದ್ಧತಿಗಳು ಬಂದವು, ಹೋದವು. ಒಂದು ತರಬೇತಿಯಲ್ಲಿ ಗ್ರಾಮರ್ ಅನ್ನೇ ಹೇಳಬೇಡಿ, ಮಕ್ಕಳು ಮಾತಾಡುತ್ತಾ ತಾವೇ ಕಲಿಯುತ್ತಾರೆ ಎಂದರು. ನಾವು ಚಪ್ಪಾಳೆ ತಟ್ಟಿ ಊಟ ಮಾಡಿ ಬಂದೆವು. ಮುಂದೆ ಹತ್ತನೇ ತರಗತಿಯ ಫಲಿತಾಂಶದ ಬೆನ್ನು ಹತ್ತುವ ಕಾಲ ಬಂತು. ಆಗ ಹುಟ್ಟಿದ್ದೇ ಪಾಸಿಂಗ್ ಪ್ಯಾಕೇಜ್. ಹಿಂದುಳಿದ ಮಕ್ಕಳಿಗೆ ಇಷ್ಟು ಕಲಿತರೆ ಪಾಸು ಎಂದು ಖಾತ್ರಿ ಇರುವಷ್ಟನ್ನೇ ನಾಲ್ಕೈದು ಹಾಳೆಗೆ ಇಳಿಸಿ, ಜೆರಾಕ್ಸ್ ಮಾಡಿ ಕೈಗೆ ಕೊಡುವುದು. ಹಿರಿಯೂರಿನಲ್ಲಿ ನಾನು ಹಿರಿಯಳಾದ್ದರಿಂದ ತಾಲ್ಲೂಕಿಗೆಲ್ಲ ಇಂಗ್ಲಿಷಿನ ಪ್ಯಾಕೇಜ್ ನಾನೇ ಮಾಡುತ್ತಿದ್ದೆ.

ಗೌರಮ್ಮ ನನಗೆ ಸಿಕ್ಕಿದ್ದು ಅಲ್ಲಿ. ಹರಿಯಬ್ಬೆಯ ಅಂಗನವಾಡಿಯಲ್ಲಿ ಸಹಾಯಕಿ, ವಯಸ್ಸು ಮೂವತ್ತೈದರ ಆಸುಪಾಸು. ಹತ್ತನೇ ತರಗತಿಯಲ್ಲಿ ಎಲ್ಲ ವಿಷಯ ಪಾಸಾಗಿ ಇಂಗ್ಲಿಷ್ ಒಂದು ಉಳಿದಿತ್ತು. ಖಾಸಗಿಯಾಗಿ ಎರಡು ಸಲ ಕಟ್ಟಿ ಎರಡು ಸಲವೂ ಫೇಲು. ಅವಳ ಕೇಂದ್ರದ ಕಾರ್ಯಕರ್ತೆ ಆ ವರ್ಷ ನಿವೃತ್ತರಾಗುವವರಿದ್ದರು. ಹತ್ತನೇ ತರಗತಿ ಪಾಸಾಗಿದ್ದರೆ ಆ ಜಾಗಕ್ಕೆ ಇವಳನ್ನೇ ಪರಿಗಣಿಸುತ್ತಾರೆ, ಇಲ್ಲವಾದರೆ ಹೊರಗಿನಿಂದ ಬೇರೆಯವರು ಬರುತ್ತಾರೆ. ಹನ್ನೆರಡು ವರ್ಷ ಅದೇ ಕೋಣೆ ಗುಡಿಸಿ, ಅದೇ ಮಕ್ಕಳಿಗೆ ಉಪ್ಪಿಟ್ಟು ಮಾಡಿ ಹಾಕಿದವಳಿಗೆ ಇದೊಂದೇ ಅವಕಾಶ. ಅದು ಈ ಸಲದ ಪರೀಕ್ಷೆಯ ಮೇಲೆ ನಿಂತಿತ್ತು.

ಭಾನುವಾರ ಬೆಳಿಗ್ಗೆ ಇಂಥ ಐದು ಜನ ಖಾಸಗಿ ಅಭ್ಯರ್ಥಿಗಳಿಗೆ ಪಾಠ ಮಾಡುತ್ತಿದ್ದೆ. ಗೌರಮ್ಮನ ರೀತಿಯೇ ಬೇರೆ. ಪಟ್ಟಿ ಬಾಯಿಪಾಠ ಮಾಡುತ್ತಿರಲಿಲ್ಲ. ಬೆಳಗಿನಿಂದ ಸಂಜೆವರೆಗೆ ತಾನು ಮಾಡುವ ಕೆಲಸವನ್ನೇ ನೋಟ್‌ಬುಕ್ಕಿನಲ್ಲಿ ಇಂಗ್ಲಿಷಿನಲ್ಲಿ ಬರೆದು ತರುತ್ತಿದ್ದಳು. ಐ ವಾಂಟ್ ಟು ಸ್ವೀಪ್. ಐ ಫಿನಿಶ್ಡ್ ಸ್ವೀಪಿಂಗ್. ಚಿಲ್ಡ್ರನ್ ಎಂಜಾಯ್ ಸಿಂಗಿಂಗ್. ಕಾಗುಣಿತ ತಪ್ಪಿರುತ್ತಿತ್ತು, ಟು ಮತ್ತು ಇಂಗ್ ತಪ್ಪುತ್ತಿರಲಿಲ್ಲ. ಆದರೆ ನಾನು ಹೊಗಳುವವಳಲ್ಲ. ಒಂದು ಸಲ ಅವಳು ಏನೋ ಕೇಳಲು ಬಾಯಿ ತೆರೆದಾಗ, "ನಿನ್ನ ಬುದ್ಧಿ ಓಡಿಸ್ಬ್ಯಾಡ, ನಾನು ಕೊಟ್ಟಿದ್ದು ಓದು," ಎಂದಿದ್ದೆ.

ಪರೀಕ್ಷೆಗೆ ಮೂರು ವಾರ ಇದ್ದಾಗ ಪ್ಯಾಕೇಜ್ ಸಿದ್ಧಪಡಿಸಿದೆ. ಪಟ್ಟಿಗಳನ್ನು ಹೊಸದಾಗಿ ಬರೆದೆ, ದಪ್ಪ ಅಕ್ಷರದ ತಲೆಬರಹಗಳನ್ನು ಮಾತ್ರ ಹಳೆಯ ಹಾಳೆಯಿಂದ ಕತ್ತರಿಸಿ ಗೋಂದು ಹಚ್ಚಿ ಅಂಟಿಸಿದೆ. ಆಗೆಲ್ಲ ನಾವು ಮಾಡುತ್ತಿದ್ದುದು ಹಾಗೆಯೇ. ಜೊತೆಯ ಇಂಗ್ಲಿಷ್ ಮೇಷ್ಟ್ರು ನಾಗರಾಜ, ವಯಸ್ಸಿನಲ್ಲಿ ನನ್ನ ಮಗನಷ್ಟಿದ್ದವರು, "ಒಂದ್ಸಲ ನೋಡ್ಲಾ ಮೇಡಂ?" ಎಂದರು. "ನಾನು ಬರ್ದಿದ್ದು ನೀವು ನೋಡ್ಬೇಕಾ?" ಎಂದೆ. ಅವರು ಕೈ ಹಿಂದಕ್ಕೆ ತೆಗೆದುಕೊಂಡರು. ಹಾಳೆ ತಾಲ್ಲೂಕಿಗೆಲ್ಲ ಹೋಯಿತು. ಭಾನುವಾರದ ಐವರಿಗೂ ನಾನೇ ಒಂದೊಂದು ಕೊಟ್ಟೆ.

ಆಮೇಲಿನ ಎರಡು ಭಾನುವಾರ ಗೌರಮ್ಮ ಬರಲಿಲ್ಲ. ಪರೀಕ್ಷೆ ಹತ್ತಿರ ಬಂದಾಗ ನಾಪತ್ತೆಯಾಗುವ ಜನ ಎಂದು ಅವಳನ್ನೂ ಬೈದುಕೊಂಡೆ.

ಶುಕ್ರವಾರ ಇಂಗ್ಲಿಷ್ ಪರೀಕ್ಷೆ. ಮಂಗಳವಾರ ನಾಗರಾಜರ ಕ್ಲಾಸಿಗೆ ಯಾವುದೋ ಕೆಲಸಕ್ಕೆ ಹೋದೆ. ಮಕ್ಕಳ ಮುಂದಿದ್ದ ನನ್ನ ಹಾಳೆಗಳ ಮೇಲೆಲ್ಲ ಪೆನ್ಸಿಲ್ಲಿನ ಬಾಣದ ಗುರುತು. ಎಡದ ತಲೆಬರಹ ಬಲಕ್ಕೆ, ಬಲದ್ದು ಎಡಕ್ಕೆ. "ಯಾರ್ರೋ ಹಿಂಗೆ ಗೀಚಿದ್ದು?" ಎಂದು ಅಬ್ಬರಿಸಿದೆ. ನಾಗರಾಜ ಸಾರ್ ಹೇಳಿದ್ರು ಎಂದವು ಮಕ್ಕಳು. ಹಾಳೆ ಕೈಗೆತ್ತಿಕೊಂಡು ನೋಡಿದೆ. ವಾಂಟ್, ಹೋಪ್, ಡಿಸೈಡ್ ಇವುಗಳ ನೆತ್ತಿಯ ಮೇಲೆ 'ಇಂಗ್ ಬರುವವು' ಎಂದಿತ್ತು. ಎಂಜಾಯ್, ಫಿನಿಶ್, ಅವಾಯ್ಡ್ ಮೇಲೆ 'ಟು ಬರುವವು'. ನನ್ನ ಕೈಯಾರೆ ಅಂಟಿಸಿದ ಚೀಟಿಗಳು.

"ನಂಗ್ಯಾಕೆ ಹೇಳ್ಲಿಲ್ಲ?" ಎಂದೆ ನಾಗರಾಜರಿಗೆ.

"ಹೇಳಾಕೆ ಬಂದಿದ್ದೆ ಮೇಡಂ. ಸ್ಟಾಫ್ ರೂಮ್‌ನಾಗೆ ನೀವು ಯಾರನ್ನೋ ಬೈತಿದ್ರಿ. ವಾಪಸ್ ಹೋದೆ."

ಇಲಾಖೆಯ ಮೇಲಿನ ಸಾಹೇಬರಿಗೆ ಫೋನು ಮಾಡಿದೆ. ಯಾರೂ ದೂರಿಲ್ಲ ಅಂದಮೇಲೆ ನೀವ್ಯಾಕೆ ಎಬ್ಬಿಸ್ತೀರಿ, ಸುಮ್ನಿರ್ರಿ ಎಂದರು. ಆ ಸಲಹೆ ನನಗೂ ಒಂದು ಗಳಿಗೆ ರುಚಿಸಿತು, ಸುಳ್ಳು ಹೇಳುವುದಿಲ್ಲ. ಆದರೂ ಕೂತು ಒಂದೊಂದೇ ಶಾಲೆಗೆ ಫೋನು ಮಾಡಿದೆ. ಐಮಂಗಲದ ಟೀಚರ್ ನಕ್ಕುಬಿಟ್ಟರು. "ಅವತ್ತೇ ತಿದ್ದಿಸಿದ್ವಿ ಮೇಡಂ. ನಿಮಗೆ ಹೇಳಾಕೆ ಯಾರಿಗೆ ಧೈರ್ಯ ಐತೆ?" ಮಿಕ್ಕವರೂ ಹೆಚ್ಚುಕಡಿಮೆ ಅದನ್ನೇ ಹೇಳಿದರು. ಇಡೀ ತಾಲ್ಲೂಕಿಗೆ ನನ್ನ ತಪ್ಪು ಗೊತ್ತಿತ್ತು, ಗೊತ್ತಿಲ್ಲದವಳು ನಾನೊಬ್ಬಳೇ. ನಾಚಿಕೆಯಾಯಿತು. ಮಕ್ಕಳು ಉಳಿದರಲ್ಲ ಎಂದು ಎದೆ ಹಗುರವೂ ಆಯಿತು.

ಆ ಹಗುರ ಬುಧವಾರ ಬೆಳಿಗ್ಗೆಯವರೆಗೂ ಬಾಳಲಿಲ್ಲ. ಶಾಲೆಯ ಮಕ್ಕಳಿಗಾದರೆ ತಿದ್ದಲು ಮೇಷ್ಟ್ರಿದ್ದರು. ಭಾನುವಾರದ ಐವರಿಗೆ ಇದ್ದವಳು ನಾನೇ. ಬೆಳಗಾದ ಮೇಲೆ ನಾಲ್ವರು ಹಾಲ್ ಟಿಕೆಟ್ ತೆಗೆದುಕೊಳ್ಳಲು ಶಾಲೆಗೆ ಬಂದಾಗ ಹಿಡಿದು ಕೂರಿಸಿ ತಿದ್ದಿಸಿದೆ. "ಹರಿಯಬ್ಬೆ ಗೌರಮ್ಮಂದು ಇನ್ನೂ ಇಲ್ಲೇ ಐತೆ ಮೇಡಂ, ಹೇಳಿ ಕಳಿಸಿದ್ರೂ ಬಂದಿಲ್ಲ," ಎಂದರು ಗುಮಾಸ್ತರು. ಫೋನು ಸ್ವಿಚ್ ಆಫ್. ಹೆಡ್‌ಮಾಸ್ಟರರನ್ನು ಕೇಳಿ, ಸಹಿ ಹಾಕಿ ಆ ಹಾಲ್ ಟಿಕೆಟ್ ನಾನೇ ಇಸಿದುಕೊಂಡು ಸ್ಕೂಟರ್ ಹತ್ತಿದೆ.

ಹರಿಯಬ್ಬೆ ಮುಟ್ಟಿದಾಗ ಮಧ್ಯಾಹ್ನದ ಊಟ ಮುಗಿದು ಅಂಗನವಾಡಿಯ ಮಕ್ಕಳು ಚಾಪೆಯ ಮೇಲೆ ಮಲಗಿದ್ದವು. ಗೌರಮ್ಮ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದಳು. ನನ್ನನ್ನು ನೋಡಿ ಗಾಬರಿಯಿಂದ ಎದ್ದಳು.

"ಬರ್ರಿ ಮೇಡಂ, ಕುಂತ್ಕಳ್ರಿ. ಬಿಸ್ಲಾಗೆ ಯಾಕೆ ಬರಾಕೆ ಹೋದ್ರಿ? ನೀರು ತರ್ತೀನಿ."

"ನೀರು ಬ್ಯಾಡ. ಹಾಲ್ ಟಿಕೆಟ್ ಯಾಕೆ ತಗಂಡಿಲ್ಲ?"

ಸೆರಗಿಗೆ ಕೈ ಒರೆಸಿಕೊಂಡಳು. "ಈ ಸಲ ಬರ್ಯಲ್ಲ ಮೇಡಂ. ನಂಗೆ ಅದು ಹತ್ತಲ್ಲ ಬಿಡ್ರಿ."

ನಾನು ನೋಟ್‌ಬುಕ್ ತರಿಸಿದೆ. ತೆಗೆದು ನೋಡಿದೆ. ಆರು ತಿಂಗಳು ಬರೆದ ವಾಕ್ಯಗಳನ್ನೆಲ್ಲ ಅಡ್ಡಗೆರೆ ಎಳೆದು ಹೊಡೆದುಹಾಕಿದ್ದಳು. ಸ್ಕೇಲಿಟ್ಟು ಎಳೆದ ನೀಟಾದ ಗೆರೆಗಳು. ಕೆಳಗೆ ನನ್ನ ಹಾಳೆಯ ಪ್ರಕಾರ ತಿದ್ದಿ ಬರೆದಿದ್ದಳು. ಐ ವಾಂಟ್ ಸ್ವೀಪಿಂಗ್. ಐ ಫಿನಿಶ್ಡ್ ಟು ಸ್ವೀಪ್. ನಾಲ್ಕು ಪುಟ ಹೀಗೆ ತಿದ್ದಿ, ಐದನೆಯದರಲ್ಲಿ ನಿಲ್ಲಿಸಿದ್ದಳು. ಉಳಿದ ಪುಟಗಳಲ್ಲಿ ಬರೀ ಅಡ್ಡಗೆರೆ.

"ನೀವು ಹಾಳಿ ಕೊಟ್ಟ ದಿನ ನೋಡಿದೆ," ಎಂದಳು. "ನಾನು ಬರ್ದಿದ್ದು ಒಂದೂ ಸರಿ ಇರ್ಲಿಲ್ಲ. ಒಂದೆರಡು ತಪ್ಪಾಗಿದ್ರೆ ತಿದ್ಕಬೋದಿತ್ತು. ಆರು ತಿಂಗ್ಳು ನಂಗೆ ತಿಳೀತು ಅಂದ್ಕಂಡಿದ್ದೆಲ್ಲ ಉಲ್ಟಾ ಅಂದ್ರೆ, ನನ್ ತಲೇಲೇ ಏನೋ ಐಬು ಐತೆ ಅಂತಲ್ವಾ ಮೇಡಂ? ನಿಮ್ ಮುಂದೆ ಹೆಂಗೆ ಬರ್ಲಿ?"

ಕೆಲಸದಲ್ಲಿ ನಾನು ಅತ್ತವಳಲ್ಲ. ಅವತ್ತು ಕಣ್ಣಲ್ಲಿ ನೀರು ಬಂತು. ತಪ್ಪು ಹಾಳೆ ಕೊಟ್ಟು ಒಂದೆರಡು ಮಾರ್ಕು ಕಳೆದಿರುತ್ತೇನೆ ಅಂದುಕೊಂಡು ಬಂದಿದ್ದೆ. ಸರಿಯಾಗಿ ಕಲಿತವಳನ್ನು ನೀನು ದಡ್ಡಿ ಎಂದು ನಂಬಿಸಿ ಮೂಲೆಗೆ ಕೂರಿಸಿದ್ದೆ.

"ಗೌರಮ್ಮ, ತಪ್ಪು ನಿಂದಲ್ಲ, ನಂದು. ತಲೆಬರಹ ಅದಲುಬದಲು ಅಂಟಿಸಿಬಿಟ್ಟೀನಿ. ನೀನು ಬರ್ದಿದ್ದೆಲ್ಲ ಸರಿ ಐತೆ."

ಅವಳು ನನ್ನ ಮುಖ ನೋಡಿದಳು. ಆಮೇಲೆ ಸಣ್ಣಗೆ ನಕ್ಕಳು. "ನಾನು ಪರೀಕ್ಷೆಗೆ ಬರ್ಲಿ ಅಂತ ಹಂಗಂತೀರಿ. ನೀವು ತಪ್ಪು ಬರ್ಯಾದು ಅಂದ್ರೇನು?"

ಇದು ನಾನು ಎಣಿಸಿರದ ಕಷ್ಟ. ಜನ ನನ್ನ ತಪ್ಪನ್ನು ನಂಬುವುದಿಲ್ಲ ಎಂದರೆ ಯಾರಾದರೂ ಹೆಮ್ಮೆಪಡಬಹುದು, ನನಗೆ ಹೆದರಿಕೆಯಾಯಿತು. ಪರೀಕ್ಷೆಗೆ ನಡುವೆ ಉಳಿದಿದ್ದು ಒಂದೇ ದಿನ. ಪಠ್ಯಪುಸ್ತಕ ತೆಗೆಸಿದೆ. ಪಾಠದಲ್ಲಿ ವಾಂಟ್ ಎಲ್ಲಿದೆ, ಡಿಸೈಡ್ ಎಲ್ಲಿದೆ, ಎಂಜಾಯ್ ಎಲ್ಲಿದೆ ನೀನೇ ಹುಡುಕು ಎಂದೆ. ಬೆರಳಿಟ್ಟು ಸಾಲು ಸಾಲು ಹುಡುಕಿದಳು. ಒಂದು ಸಿಕ್ಕಿತು, ವಾಂಟ್ ಟು. ನೋಟ್‌ಬುಕ್ ನೋಡಿದಳು. ಎರಡನೆಯದು ಸಿಕ್ಕಿತು, ಅದನ್ನೂ ನೋಟ್‌ಬುಕ್ಕಿನ ಜೊತೆ ಹೋಲಿಸಿದಳು. ಮೂರನೆಯದಕ್ಕೆ ಹೋಲಿಸದೆ ನನ್ನ ಕಡೆ ತಿರುಗಿದಳು.

"ಹಂಗಾದ್ರೆ ನಂದು ಸರಿ ಇತ್ತಾ ಮೇಡಂ?"

"ಸರಿ ಇತ್ತು."

"ಎಲ್ಲಾನೂ?"

"ಎಲ್ಲಾನೂ. ತಗ, ಈ ಹಾಳೆ ಮ್ಯಾಲೆ ಇಂಟು ಮಾರ್ಕ್ ಹಾಕು." ನನ್ನ ಕೆಂಪು ಪೆನ್ನು ಅವಳ ಕೈಗೆ ಕೊಟ್ಟೆ.

"ಅಯ್ಯೋ, ನಿಮ್ ಅಕ್ಷರಕ್ಕೆ ನಾನು ಇಂಟು ಹಾಕಾದಾ?"

"ಹಾಕು. ಹಾಕ್ದಿದ್ರೆ ನಾನು ಇಲ್ಲಿಂದ ಏಳಲ್ಲ."

ಮೊದಲು ಮೂಲೆಯಲ್ಲಿ ಸಾಸಿವೆಯಷ್ಟು ಗುರುತು ಹಾಕಿದಳು. ಇನ್ನೂ ದೊಡ್ಡದು ಎಂದೆ. ಆಮೇಲೆ ಈ ತುದಿಯಿಂದ ಆ ತುದಿಗೆ ಎರಡು ಗೆರೆ ಎಳೆದಳು, ಕಾಗದ ಹರಿಯುವಷ್ಟು ಒತ್ತಿ. ಬಾಯಿಗೆ ಸೆರಗು ಹಿಡಿದುಕೊಂಡು ನಗತೊಡಗಿದಳು. ಮಲಗಿದ್ದ ಕೂಸೊಂದು ಎದ್ದು ಕೂತಿತು. ಅದನ್ನು ತಟ್ಟಿ ಮಲಗಿಸಿ, ಹಾಲ್ ಟಿಕೆಟ್ಟಿಗೆ ಕೈ ಚಾಚಿದಳು.

ವಾಪಸ್ ಬರುವಾಗ ಸ್ಕೂಟರ್ ಮೇಲೆ ನಾನೊಬ್ಬಳೇ ಏನೋ ಗುನುಗುತ್ತಿದ್ದೆ. ಶುಕ್ರವಾರ ಅವಳು ಪರೀಕ್ಷೆ ಬರೆದಳು. ಮಾರನೆಯ ದಿನವೇ ನಾನು ನಾಗರಾಜರನ್ನು ಕರೆದು, ಇನ್ನು ಮೇಲೆ ನಾನು ಬರೆದ ಯಾವ ಕಾಗದವೂ ನಿಮ್ಮ ಕಣ್ಣು ದಾಟದೆ ಹೊರಗೆ ಹೋಗಬಾರದು ಎಂದೆ. ಪಾಪ, ಅವರು ಹೆದರಿಕೊಂಡೇ ಒಪ್ಪಿದರು.

ಫಲಿತಾಂಶ ಬಂದು ಜೂನ್‌ನಲ್ಲಿ ಶಾಲೆ ಶುರುವಾದ ವಾರ. ಗೌರಮ್ಮ ಪಾಸಾಗಿದ್ದಳು. ಫೋನಿನಲ್ಲಿ ಹೇಳಿದರೆ ಸಾಕಿತ್ತು, ಬಸ್ಸು ಹತ್ತಿ ಶಾಲೆಗೇ ಬಂದಳು. ಆಗ ನಾನು ಒಂಬತ್ತನೇ ತರಗತಿಯಲ್ಲಿದ್ದೆ. ಬಾಗಿಲಲ್ಲಿ ನಿಂತವಳನ್ನು ಒಳಗೆ ಕರೆದು, ಈ ಅಮ್ಮ ಯಾರು ಗೊತ್ತೇನ್ರೋ ಎಂದು ಮಕ್ಕಳಿಗೆ ಹೇಳಲು ಹೊರಟೆ. ಅವಳ ಕಣ್ಣು ನನ್ನ ಮೇಲಿರಲಿಲ್ಲ, ಬೋರ್ಡಿನ ಮೇಲಿತ್ತು.

"ಮೇಡಂ, ಅದು ತಪ್ಪೈತೆ," ಎಂದಳು. ನಲವತ್ತು ಮಕ್ಕಳ ಎದುರು, ಗಟ್ಟಿಯಾಗಿ. "ಸ್ಟಾಪ್ ಮುಂದೆ ಇಂಗ್ ಬರ್ಬೇಕಲ್ವಾ? ಟು ಬರ್ದೀರಿ."

ಮಕ್ಕಳೆಲ್ಲ ನನ್ನ ಮುಖ ನೋಡಿದವು. 'ಹಿ ಸ್ಟಾಪ್ಡ್ ಟು ಡ್ರಿಂಕ್ ವಾಟರ್' ಎಂದು ಬರೆದಿದ್ದೆ.

"ಇಲ್ಲಿ ಇದು ಸರಿ ಐತೆ ಗೌರಮ್ಮ," ಎಂದೆ. "ಇವ್ನು ನೀರು ಕುಡಿಯಾಕೆ ಅಂತ ಗಾಡಿ ನಿಲ್ಲಿಸ್ದ. ನೀರು ಇನ್ನೂ ಕುಡ್ದಿಲ್ಲ. ಇಂಗ್ ಹಾಕಿದ್ರೆ ಕುಡಿಯಾದನ್ನೇ ಬಿಟ್ಟ ಅಂತಾಗ್ತದೆ."

ಅವಳು ಬೋರ್ಡಿನ ಸಾಲನ್ನು ಇನ್ನೊಮ್ಮೆ ಓದಿಕೊಂಡಳು.

"ಹಂಗಾದ್ರೆ ಎರಡೂ ಬರ್ತಾವೆ ಅಂತ ನಮಗೆ ಮೊದ್ಲೇ ಯಾಕೆ ಹೇಳ್ಲಿಲ್ಲ ನೀವು?"

ಮುಂದಿನ ಬೆಂಚಿನ ಮಕ್ಕಳನ್ನು ಸರಿಸಿ ಅವಳಿಗೆ ಜಾಗ ಮಾಡಿಸಿದೆ. ಅವಳು ಕೂತಳು, ಚೀಲದಿಂದ ಪೆನ್ನು ತೆಗೆದಳು. ನಾನು ಬೋರ್ಡು ಒರೆಸಿ ಮೊದಲಿನಿಂದ ಶುರು ಮಾಡಿದೆ.